ಅತ್ತಿಗೆಯ ಮೂರು ಮೂಟೆ

ಮನೆ ಬದಲಾಯಿಸುವವರು ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ: ಅಟ್ಟ ಹತ್ತುವ ದಿನ ಮನೆಯವರನ್ನೆಲ್ಲ ಎಲ್ಲಿಗಾದರೂ ಸಾಗಹಾಕಿ. ನೆಂಟರ ಮನೆಗೋ, ದೇವಸ್ಥಾನಕ್ಕೋ, ಎಲ್ಲಿಗಾದರೂ ಸರಿ. ಹಳೇ ಸಾಮಾನು ತೆಗೆದುಹಾಕುವಾಗ ಅದರ ಒಡೆಯರು ಪಕ್ಕದಲ್ಲಿ ಕೂತಿದ್ದರೆ ಕೆಲಸ ಸಾಗುವುದಿಲ್ಲ. ಮುರಿದ ಛತ್ರಿಗೂ ಒಂದು ಕಥೆ ಹೇಳುತ್ತಾರೆ. ನೀವು ಕಥೆ ಕೇಳಿಸಿಕೊಂಡಿರೋ, ಆ ಛತ್ರಿ ಹೊಸ ಮನೆಗೂ ಬಂತು ಅಂತಲೇ ತಿಳಿಯಿರಿ.

ಇನ್ನೊಂದು. "ಇದು ಬೇಕಾ?" ಅಂತ ಯಾರನ್ನೂ ಕೇಳಬೇಡಿ. ಬೇಕಾ ಅಂದರೆ ಎಲ್ಲರಿಗೂ ಎಲ್ಲವೂ ಬೇಕು. "ಇದನ್ನ ಎಲ್ಲಿ ಇಡ್ತೀರಿ?" ಅಂತ ಕೇಳಿ. ಬಾಯಿ ಕಟ್ಟುತ್ತದೆ.

ಈ ವಿದ್ಯೆಯನ್ನು ನಾನು ಕಲಿತದ್ದು ತಲೆಯ ಮೇಲೆ ಬುಟ್ಟಿ ಹೊತ್ತು. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರ ನನ್ನದು. ಈಗ ಕಡೂರಿನಲ್ಲಿ ಪಾತ್ರೆ ಅಂಗಡಿ ಇಟ್ಟು ಕುರ್ಚಿಯ ಮೇಲೆ ಕೂತಿದ್ದೇನೆ; ಆದರೆ ಹದಿನಾರು ವರ್ಷ ಕಾಲಲ್ಲಿ ನಡೆದಿದ್ದೇನೆ. ಅಜ್ಜಂಪುರದಿಂದ ಬೆಳಗಿನ ಬಸ್ಸು ಹಿಡಿದು ಒಂದು ದಿನ ಸಿಂಗಟಗೆರೆ ಕಡೆ, ಒಂದು ದಿನ ಲಿಂಗದಹಳ್ಳಿ ಕಡೆ. ಬೀದಿ ಬೀದಿ ಕೂಗಿಕೊಂಡು ಹೋಗುವುದು, ಜಗುಲಿಯ ಮೇಲೆ ಬುಟ್ಟಿ ಇಳಿಸುವುದು, ಪಾತ್ರೆಗಳನ್ನು ಬಿಸಿಲಿಗೆ ಹೊಳೆಯುವ ಹಾಗೆ ಜೋಡಿಸುವುದು. ಪ್ಯಾಂಟಿಗೆ ಒಳ್ಳೆ ಬೆಲೆ, ಜರಿ ಸೀರೆಗೆ ಇನ್ನೂ ಒಳ್ಳೆ ಬೆಲೆ, ಹಳೇ ಕಾಟನ್ ಸೀರೆ ಗ್ಯಾರೇಜಿನವರಿಗೆ ಕೈ ಒರೆಸುವುದಕ್ಕೆ. ಬಟ್ಟೆ ಕೊಡುವವರ ಮುಂದೆ ಮಾತ್ರ ಎಲ್ಲಕ್ಕೂ ಒಂದೇ ಮುಖ ಮಾಡಬೇಕು, ಹುಳಿ ತಿಂದ ಮುಖ.

ಲಿಂಗದಹಳ್ಳಿ ಹತ್ತಿರ ಒಬ್ಬಾಕೆ ಸತ್ತ ಗಂಡನ ಶರ್ಟುಗಳನ್ನು ಎದೆಗೆ ಒತ್ತಿಕೊಂಡು ಬಂದಿದ್ದಳು. ಕೊಡಲೋ ಬೇಡವೋ ಅಂತ ಬಾಗಿಲಲ್ಲೇ ನಿಂತಿದ್ದಳು. ನಾನು ಒಂದನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿ, "ಕಾಲರ್ ಸವೆದೋಗದೆ ಕಣಮ್ಮ, ಬೆವರು ವಾಸ್ನೆ ಬೇರೆ" ಅಂದೆ. ಆ ವಾಸನೆಗಾಗಿಯೇ ಆಕೆ ಅವನ್ನು ಇಟ್ಟುಕೊಂಡಿದ್ದಳು ಅಂತ ನನಗೆ ಗೊತ್ತಿಲ್ಲದೆ ಏನಲ್ಲ. ಏಳು ಶರ್ಟಿಗೆ ಒಂದು ಟೀ ಸೋಸುವ ಜಾಲರಿ ಕೊಟ್ಟು ಬಂದೆ. ಅವತ್ತು ಬಸ್ಸಿನಲ್ಲಿ ನನಗೆ ಚೆನ್ನಾಗಿ ನಿದ್ದೆ ಬಂತು.

ಹೀಗೆ ನಾನು ಊರೂರು ಸುತ್ತುತ್ತಿದ್ದಾಗ ಮನೆ ನೋಡಿಕೊಂಡವರು ನನ್ನ ಗಂಡನ ಅಕ್ಕ, ನಮ್ಮ ಅತ್ತಿಗೆ. ಅವರ ವಿಷಯಕ್ಕೇ ಇಷ್ಟೆಲ್ಲ ಹೇಳಬೇಕಾಗಿ ಬಂದದ್ದು.

ಅತ್ತಿಗೆಯನ್ನು ತರೀಕೆರೆಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ. ನಾನು ಮದುವೆಯಾಗಿ ಅಜ್ಜಂಪುರಕ್ಕೆ ಬಂದು ಎರಡು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಬಾಗಿಲ ಮುಂದೆ ಒಂದು ಟೆಂಪೋ ಬಂದು ನಿಂತಿತು. ಡ್ರೈವರ್ ಇಳಿಯಲೂ ಇಲ್ಲ. "ತರೀಕೆರೆಯಿಂದ ಕಳ್ಸಿದಾರೆ, ಇಳ್ಸ್ಕಳಿ" ಅಂದ. ಮದುವೆಯಲ್ಲಿ ಅತ್ತಿಗೆಗೆ ತವರಿನಿಂದ ಕೊಟ್ಟಿದ್ದ ಪಾತ್ರೆಗಳು. ತಾಮ್ರದ ಹಂಡೆ, ಎರಡು ದೊಡ್ಡ ಹಿತ್ತಾಳೆ ಕೊಳಗ, ತಪ್ಪಲೆಗಳು, ಬಿಂದಿಗೆ, ತಟ್ಟೆ ಲೋಟ ಎಲ್ಲ. ನಮ್ಮತ್ತೆ ಬೀದಿಯಲ್ಲೇ ಕೂತು ಬಾಯಿಗೆ ಸೆರಗು ತುರುಕಿಕೊಂಡರು. ನಮ್ಮ ಕಡೆ ಹೆಣ್ಣಿನ ಪಾತ್ರೆ ಗಂಡನ ಮನೆಯಿಂದ ವಾಪಸ್ ಬಂತು ಅಂದರೆ ಮುಗಿಯಿತು. ಪಂಚಾಯ್ತಿ ಇಲ್ಲ, ಕಾಗದ ಪತ್ರ ಇಲ್ಲ. ಮಾರನೇ ದಿನ ಮಧ್ಯಾಹ್ನದ ಬಸ್ಸಿಗೆ ಅತ್ತಿಗೆ ಒಂದು ಬ್ಯಾಗು ಹಿಡಿದು ಬಂದಿಳಿದರು. ಸಂಜೆಗೆ ಅವರೇ ಮುದ್ದೆ ತೊಳಸಿದರು.

ಆಮೇಲೆ ಇಪ್ಪತ್ತೆರಡು ವರ್ಷ ಅವರೇ ತೊಳಸಿದರು. ಅತ್ತೆ ಮಲಗಿದಾಗ ಅವರ ಕೊನೆಗಾಲ ನೋಡಿದ್ದು ಇವರೇ. ನನ್ನ ಮಗಳಿಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಿದ್ದು, ಅವಳ ಬಾಣಂತನ ಮಾಡಿದ್ದು ಇವರೇ. ನನ್ನ ಬುತ್ತಿ, ಲಗೇಜ್ ಆಟೋ ಓಡಿಸುವ ನಮ್ಮ ಯಜಮಾನರ ಬುತ್ತಿ, ಎಲ್ಲ ಇವರ ಕೈಯಿಂದಲೇ. ಹುರುಳಿಕಾಳು ಬಸ್ಸಾರು ಮಾಡಿದರೆ ಪಕ್ಕದ ಮನೆಯವರು ಲೋಟ ಹಿಡಿದು ಬರುತ್ತಿದ್ದರು. ನಾನು ಸಂಜೆ ಬಂದು ಕಾಲು ಚಾಚಿ ಕೂತು, "ಅತ್ಗೆ, ಇನ್ನೂ ಆಗ್ಲಿಲ್ವಾ, ಬೇಗ ಬೇಗ" ಅನ್ನುತ್ತಿದ್ದೆ. ದುಡಿದು ತರುವವಳು ನಾನು ತಾನೇ.

ಆ ಪಾತ್ರೆಗಳು ಮಾತ್ರ ಅಟ್ಟದ ಮೇಲೆ, ಮೂರು ಗೋಣಿಚೀಲದಲ್ಲಿ. ಅತ್ತಿಗೆ ಅವುಗಳಲ್ಲಿ ಒಂದು ದಿನವೂ ಬೇಯಿಸಲಿಲ್ಲ. ವರ್ಷಕ್ಕೊಂದು ಸಲ, ದೀಪಾವಳಿಗೆ ಮುಂಚೆ ಇಳಿಸಿ, ಹುಣಸೆಹಣ್ಣು ಹಾಕಿ ಉಜ್ಜಿ, ಅಂಗಳದಲ್ಲಿ ಒಣಗಿಸಿ, ಹಳೇ ಸೀರೆ ತುಂಡಿನಲ್ಲಿ ಒಂದೊಂದನ್ನೇ ಸುತ್ತಿ ಮತ್ತೆ ಮೇಲೇರಿಸುತ್ತಿದ್ದರು. "ಬಳಸ್ಬಾರ್ದಾ ಅತ್ಗೆ?" ಅಂತ ನಾನು ಆಗಾಗ ಕೇಳುತ್ತಿದ್ದೆ. "ನನ್ನ ಮನೆ ಅಂತ ಒಂದಾದಾಗ ಬಳಸ್ತೀನಿ ಕಣೇ" ಅನ್ನುತ್ತಿದ್ದರು. ಐವತ್ತು ದಾಟಿದ ಹೆಂಗಸು. ನಾನು ನಗುತ್ತಿದ್ದೆ, ಅವರೂ ನಗುತ್ತಿದ್ದರು. ಅವರದು ತಮಾಷೆ ಅಂತಲೇ ನಾನು ತಿಳಿದಿದ್ದೆ.

ಅಜ್ಜಂಪುರದಿಂದ ಕಡೂರಿನ ಅಂಗಡಿಗೆ ದಿನಾ ಓಡಾಡಿ ಸಾಕಾಗಿ, ಅಲ್ಲೇ ಸೈಟು ತಗೊಂಡು ಮನೆ ಕಟ್ಟಿಸಿದೆ. ಕಟ್ಟಿಸಿದೆ ಅಂತಲೇ ಬರೆಯುತ್ತೇನೆ. ನಮ್ಮ ಯಜಮಾನರು ಜಲ್ಲಿ ಸಾಗಿಸಿದ್ದು ಬಿಟ್ಟರೆ ಮಿಕ್ಕದ್ದೆಲ್ಲ ನನ್ನ ಜುಲುಮೆ. ಮೇಸ್ತ್ರಿ ಸಜ್ಜೆ ಹಾಕೋಣ ಅಂದ. ಬೇಡ ಅಂದೆ. ನೀವೂ ಹಾಕಿಸಬೇಡಿ. ಸಜ್ಜೆ ಇದ್ದ ಕಡೆ ಗಂಟುಮೂಟೆ ತಾನಾಗಿ ಹುಟ್ಟುತ್ತದೆ. ಎರಡು ರೂಮು: ಒಂದು ನಮಗೆ, ಒಂದು ಅಂಗಡಿಯ ಸ್ಟಾಕು ಇಡುವುದಕ್ಕೆ. ಅತ್ತಿಗೆಗೆ ಅಡುಗೆಮನೆ ಹಿಂದಿನ ಪ್ಯಾಸೇಜಿನಲ್ಲಿ ಒಂದು ಹಾಸಿಗೆ ಹಿಡಿಯುವಷ್ಟು ಜಾಗ ಬಿಡಿಸಿದ್ದೆ. ಬೆಳಿಗ್ಗೆ ಎದ್ದ ತಕ್ಷಣ ಒಲೆ ಕೈಗೆ ಸಿಗಬೇಕು ಅಂತ ಯೋಚನೆ ಮಾಡಿಯೇ ಬಿಡಿಸಿದ್ದು.

ಮನೆ ಖಾಲಿ ಮಾಡುತ್ತೇವೆ ಅಂತ ಹೇಳಲು ಅಜ್ಜಂಪುರದ ನಮ್ಮ ಮನೆ ಒಡತಿಯ ಹತ್ತಿರ ಹೋದೆ. ಆಕೆ ಅಕ್ಕಿ ಕೇರುತ್ತಿದ್ದವಳು ಮೊರ ಕೆಳಗಿಟ್ಟು, "ನಿಮ್ಮತ್ಗೆ ಹೇಳಿದ್ರಲ್ಲ, ಅವ್ರು ಇಲ್ಲೇ ಉಳ್ಕಳ್ತಾರಂತೆ" ಅಂದಳು.

"ಯಾರು?"

"ಏನಮ್ಮಾ, ನಿಂಗೊತ್ತಿಲ್ವಾ? ಮುಂದಿನ ರೂಮು ಕೇಳಿದಾರೆ ಕಣೇ. ಮೆಸ್ ಮಾಡ್ತಾರಂತೆ. ಬಸ್ಸಿನೋರು, ಸ್ಕೂಲ್ ಮೇಷ್ಟ್ರುಗಳು, ಒಂದಿಪ್ಪತ್ತು ಜನ ಈಗ್ಲೇ ಹೂಂ ಅಂದಿದಾರಂತೆ. ಪಾತ್ರೆ ಎಲ್ಲಾ ನನ್ನ ಹತ್ರನೇ ಐತೆ, ಒಂದು ಸೌಟು ಕೂಡ ಯಾರನ್ನೂ ಕೇಳ್ಬೇಕಾಗಿಲ್ಲ ಅಂದ್ರು. ನಾನೂ ಆಯ್ತು ಅಂದೆ. ಒಳ್ಳೇ ಹೆಂಗಸು ಪಾಪ."

ನಾನು ಮನೆಗೆ ಬಂದು ಏಣಿ ಹಾಕಿ ಅಟ್ಟ ಹತ್ತಿದೆ. ಅತ್ತಿಗೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು. ಮೊದಲನೇ ಮೂಟೆ ಬಿಚ್ಚಿ ಕೊಳಗ ಹೊರಗೆ ತೆಗೆದೆ. ಒಳಗೆ ಬೆಳ್ಳಗೆ ಹೊಳೆಯುತ್ತಿತ್ತು. ಹೊಸ ಕಲಾಯಿ. ಹಿತ್ತಾಳೆಗೆ ಒಳಗೆ ಕಲಾಯಿ ಹಾಕಿಸದೆ ಹುಳಿ ಬೇಯಿಸಿದರೆ ಊಟ ಕಿಲುಬಾಗುತ್ತದೆ. ಸುಮ್ಮನೆ ಇಡುವ ಪಾತ್ರೆಗೆ ಯಾರೂ ಕಲಾಯಿ ಹಾಕಿಸುವುದಿಲ್ಲ. ಕಲಾಯಿಯವನು ಬೀದಿಗೆ ಯಾವತ್ತು ಬಂದಿದ್ದನೋ, ನಾನು ಅಂಗಡಿಯಲ್ಲಿದ್ದಾಗ ಅತ್ತಿಗೆ ಎಲ್ಲವನ್ನೂ ಇಳಿಸಿ, ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟ ಚಿಲ್ಲರೆ ಕೊಟ್ಟು ಹಾಕಿಸಿ, ಮತ್ತೆ ಮೇಲೇರಿಸಿದ್ದರು. ಇಪ್ಪತ್ತೆರಡು ವರ್ಷ ನನ್ನ ಮುಂದೆ ನಗುತ್ತಿದ್ದದ್ದು ತಮಾಷೆಗಲ್ಲ.

ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದರೆ ವ್ಯಾಪಾರ ಕೆಡುತ್ತದೆ. ಯೋಚನೆ ಮಾಡಿದೆ. ಕಡೂರಿನಲ್ಲಿ ನಾನು ಬೆಳಿಗ್ಗೆ ಅಂಗಡಿಗೆ ಹೋಗಬೇಕು. ಅಡುಗೆ ಯಾರು ಮಾಡುತ್ತಾರೆ? ಸ್ಟಾಕು ಬಂದರೆ ಬಾಗಿಲು ತೆಗೆಯುವವರು ಯಾರು? ಕೆಲಸದವಳನ್ನು ಇಟ್ಟರೆ ಒಂದು ಹೊತ್ತು ಬಂದು ಎರಡು ಹೊತ್ತಿನ ಮಾತಾಡುತ್ತಾಳೆ. ಅತ್ತಿಗೆ ಇಲ್ಲಿ ಉಳಿದರೆ ನನ್ನ ಮನೆ ನಡೆಯುವುದಿಲ್ಲ. ಅತ್ತಿಗೆ ಇಲ್ಲಿ ಉಳಿಯುವುದು ಏನನ್ನು ನಂಬಿ? ಈ ಮೂರು ಮೂಟೆಯನ್ನು ನಂಬಿ. ಹೊಸದಾಗಿ ಅಷ್ಟು ಪಾತ್ರೆ ಕೊಳ್ಳಲು ಅವರ ಕೈಯಲ್ಲಿ ಏನೂ ಇಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಷ್ಟು ವರ್ಷ ಅವರ ಕೈಗೆ ಏನೂ ಕೊಡದೇ ಇದ್ದವಳು ನಾನೇ. ಹೆಣ್ಣು ತನ್ನ ಪಾತ್ರೆ ಇದ್ದ ಕಡೆ ಇರುತ್ತಾಳೆ, ಪಾತ್ರೆಯೇ ಇಲ್ಲದಿದ್ದರೆ ನಾವು ಕರೆದ ಕಡೆ ಬರುತ್ತಾಳೆ. ಅಷ್ಟೇ ಅಂದುಕೊಂಡೆ.

ನಮ್ಮ ಯಜಮಾನರಿಗೆ ಹೇಳಿದೆ.

"ಲೇ, ಅಕ್ಕನ್ನ ಒಂದು ಮಾತು ಕೇಳೋದು ಬ್ಯಾಡ್ವಾ?"

"ಕೇಳಿದ್ರೆ ಬೇಡ ಅಂತಾರೆ. ಬೇಡ ಅನ್ನಿಸ್ಕೊಂಡು ಮಾರೋದಕ್ಕಿಂತ ಕೇಳ್ದೇ ಮಾರೋದು ವಾಸಿ."

"ಅಳ್ತಾಳೆ ಕಣೇ."

"ಅತ್ಕೊಂಡಾದ್ರೂ ಕಡೂರಿಗೆ ಬತ್ತಾರಲ್ಲ. ಇಲ್ಲಿ ನಕ್ಕೊಂಡು ಮೆಸ್ ಮಾಡಿದ್ರೆ ನಿಮಗೆ ಮುದ್ದೆ ಯಾರು ತೊಳಸ್ತಾರೆ, ನಾನಾ?"

ಅವರು ನಕ್ಕುಬಿಟ್ಟರು. ನನ್ನ ಕೈ ಮುದ್ದೆ ತಿಂದ ನೆನಪು ಅವರಿಗಿತ್ತು. ಒಡಹುಟ್ಟಿದವರ ಬಾಯಿಂದ ಆ ನಗು ಬಂದ ಮೇಲೆ ನನಗೆ ಇನ್ಯಾರ ಅಪ್ಪಣೆ ಬೇಕಿತ್ತು?

ಅತ್ತಿಗೆಯನ್ನು ಸಾಗಹಾಕುವುದು ಸುಲಭವಾಯಿತು. "ಅತ್ಗೆ, ಸಿಂಗಟಗೆರೆ ನೆಂಟ್ರನ್ನ ಗೃಹಪ್ರವೇಶಕ್ಕೆ ನೀವೇ ಹೋಗಿ ಕರ್ದು ಬಂದ್ರೆ ಗೌರವ. ಮನೆ ಮಗಳು ನೀವು" ಅಂದೆ. ಅವರ ಮುಖ ಅರಳಿತು. ಯಾವ ಶುಭಕಾರ್ಯಕ್ಕೂ ಯಾರೂ ಅವರ ಕೈಗೆ ಕುಂಕುಮದ ಬಟ್ಟಲು ಕೊಟ್ಟಿರಲಿಲ್ಲ. ಗಂಡ ಬಿಟ್ಟವಳು ಅಂತ ಹಿಂದೆ ಸರಿಸುತ್ತಿದ್ದರು. ಟ್ರಂಕಿನಿಂದ ಒಳ್ಳೇ ಸೀರೆ ತೆಗೆದು ಉಟ್ಟುಕೊಂಡು, ಕರೆಯೋಲೆಗಳನ್ನು ಎರಡು ಸಲ ಎಣಿಸಿಕೊಂಡು, ಬೆಳಗಿನ ಬಸ್ಸಿಗೇ ಹೊರಟರು. ಬಸ್ಸು ತಿರುಗುವ ತನಕ ನಾನು ಬಾಗಿಲಲ್ಲಿ ನಿಂತು ಕೈ ಬೀಸಿದೆ. ಆಮೇಲೆ ಏಣಿ ಹಾಕಿದೆ.

ಮೂಟೆಗಳನ್ನು ತರೀಕೆರೆಗೆ ಒಯ್ದೆವು. ಅಜ್ಜಂಪುರದಲ್ಲಿ ಮಾರಿದರೆ ಸಂಜೆಯೊಳಗೆ ಸುದ್ದಿ, ಕಡೂರಿನಲ್ಲಿ ಮಾರಿದರೆ ನನ್ನ ಎದುರಂಗಡಿಯವರ ಬಾಯಿಗೆ. ತರೀಕೆರೆಯಲ್ಲಿ ಹಳೇ ಪಾತ್ರೆ ಕೊಳ್ಳುವ ಸಾಬರೊಬ್ಬರಿದ್ದರು. ತೂಕದಲ್ಲಿ ಮೋಸ ಇಲ್ಲ, ಮಾತು ಕಮ್ಮಿ. ದಾರಿಯಲ್ಲಿ ಅತ್ತಿಗೆಯನ್ನು ಕೊಟ್ಟಿದ್ದ ಬೀದಿ ಸಿಕ್ಕಿತು. ನಮ್ಮ ಯಜಮಾನರು ಆ ಕಡೆ ನೋಡದೆ ಗೇರು ಬದಲಾಯಿಸಿದರು.

ಸಾಬರು ಮೂಟೆ ಬಿಚ್ಚಿದರು. ಸುತ್ತಿದ್ದ ಸೀರೆ ತುಂಡುಗಳನ್ನು ಒಂದೊಂದಾಗಿ ಬಿಡಿಸಿ, ಮಡಚಿ ಪಕ್ಕಕ್ಕಿಟ್ಟರು. ಕೊಳಗವನ್ನು ಬೋರಲು ಹಾಕಿ ತಳ ಸವರಿದರು.

"ಅಕ್ಕಾ, ಇದು ಒಲೆ ನೋಡಿದ ಪಾತ್ರೆ ಅಲ್ಲ. ತಳದಲ್ಲಿ ಒಂದು ಚೂರು ಮಸಿ ಇಲ್ಲ."

"ಹಳೇದು ಸಾಬ್ರೇ. ಇಪ್ಪತ್ತೈದು ಮೂವತ್ತು ವರ್ಷದ್ದು."

"ವರ್ಷ ನಾ ಕೇಳ್ಲಿಲ್ಲ." ಒಳಗೆ ಕೈಯಾಡಿಸಿದರು. "ಕಲಾಯಿ ಮಾತ್ರ ಹೋದ ತಿಂಗಳ್ದು. ಕಲಾಯಿ ಹಾಕಿಸಿದೋರು ಮಾರಲ್ಲ ಅಕ್ಕಾ. ಯಾರ್ದು ಇದು?"

"ನಮ್ಮನೇದು. ತೂಕ ಹಾಕಿ."

"ಯಜಮಾನ್ತಿ ಯಾರು ಅಂತ ಕೇಳ್ದೆ."

"ಸಾಬ್ರೇ, ನೀವು ಹಿತ್ತಾಳೆ ಕೊಳ್ತೀರೋ, ಸಂಬಂಧ ನೋಡ್ತೀರೋ? ಹೆಣ್ಣು ಕೇಳೋಕೆ ಬಂದೋರ್ ಥರ ಮನೆತನ ವಿಚಾರಿಸ್ತಾ ಇದೀರಲ್ಲ."

ಅವರ ಮಗ ಗಲ್ಲಾಪೆಟ್ಟಿಗೆ ಹಿಂದಿನಿಂದ ನಕ್ಕ. ಸಾಬರು ನಗಲಿಲ್ಲ. ನಮ್ಮ ಯಜಮಾನರ ಮುಖ ನೋಡಿದರು. ಇವರು ಆಟೋದ ಟೈರು ನೋಡುತ್ತಿದ್ದರು. ಸಾಬರು ಪಾತ್ರೆಗಳನ್ನು ತಕ್ಕಡಿಗೆ ಏರಿಸಿದರು. ಅವರು ಹೇಳಿದ ರೇಟಿಗೆ ನಾನು ಇನ್ನೊಂದಿಷ್ಟು ಕೂಡಿಸಿ ಹೇಳಿದೆ, ಎದ್ದು ಹೋಗುವ ಹಾಗೆ ಮಾಡಿದೆ, ತಿರುಗಿ ಬಂದೆ, ಸೀರೆ ತುಂಡುಗಳನ್ನೂ ಬಿಡದೆ ವಾಪಸ್ ಕೇಳಿದೆ. ಗೆದ್ದೆ. ಅಭ್ಯಾಸ ಅದು. ಯಾರ ಸಾಮಾನಾದರೂ ನನಗೆ ಒಂದು ಮಾತಿಗೆ ಕೊಟ್ಟು ಗೊತ್ತಿಲ್ಲ.

ಈಗ ಕೇಳಿದವರಿಗೆಲ್ಲ ಹೇಳುತ್ತೇನೆ: ಮನೆಯ ಹಿತ್ತಾಳೆ ಮಾರುವ ಮುಂಚೆ ಒಳಗೆ ಕೈಯಾಡಿಸಿ ನೋಡಿ. ಕಲಾಯಿ ಹೊಸದಿದ್ದರೆ ಸುಮ್ಮನೆ ಮುಚ್ಚಿಡಿ. ನನಗೆ ಅದನ್ನು ಸಾಬರು ಹೇಳಿದರು, ಅದಕ್ಕಿಂತ ಮುಂಚೆ ನನ್ನ ಕಣ್ಣೇ ಹೇಳಿತ್ತು. ಕೇಳಲಿಲ್ಲ.

ಬರುವಾಗ ಒಂದು ಟೇಬಲ್ ಫ್ಯಾನು ತಂದೆ. ಇದೂ ವ್ಯಾಪಾರದ ಪಾಠವೇ. ಕಿತ್ತುಕೊಂಡ ಕೈಗೆ ಏನಾದರೂ ಇಡಬೇಕು. ಖಾಲಿ ಕೈಯವರು ಜಗಳಕ್ಕೆ ಬರುತ್ತಾರೆ; ಕೈಯಲ್ಲಿ ಏನಾದರೂ ಇದ್ದವರು ಅದನ್ನು ಎಲ್ಲಿಡುವುದು ಅಂತ ನೋಡುತ್ತಾರೆ.

ಸಂಜೆ ಅತ್ತಿಗೆ ಎರಡು ಬ್ಯಾಗಿನ ತುಂಬ ತೆಂಗಿನಕಾಯಿ ಹೊತ್ತು ಬಂದರು. ಸಿಂಗಟಗೆರೆಯವರು ಕೊಟ್ಟು ಕಳಿಸಿದ್ದು. ಖುಷಿಯಲ್ಲಿದ್ದರು. "ಎಲ್ರೂ ಬತ್ತಾರಂತೆ ಕಣೇ. ನನ್ನ ಒಳಗ್ ಕರ್ದು ಚಾಪೆ ಹಾಸಿ ಕೂರ್ಸಿದ್ರು" ಅಂತ ಹೇಳುತ್ತಲೇ ಕಾಲು ತೊಳೆಯಲು ಹೋದವರು, ಅಟ್ಟದ ಬಾಯಿ ತೆರೆದಿರುವುದನ್ನು ಕಂಡು ನಿಂತರು.

"ಅಟ್ಟ ಖಾಲಿ ಮಾಡಿದ್ಯೇನೇ?"

"ಹೂಂ ಅತ್ಗೆ. ಎಲ್ಲಾ ಕ್ಲೀನು."

"ನಂದು?"

"ಹೊಸ ಮನೇಲಿ ಅಟ್ಟನೂ ಇಲ್ಲ, ಸಜ್ಜೆನೂ ಇಲ್ವಲ್ಲ ಅತ್ಗೆ. ಎಲ್ಲಿ ಇಡ್ತಿದ್ರಿ? ನೋಡಿ, ನಿಮಗೇ ಅಂತ ಫ್ಯಾನ್ ತಂದಿದೀನಿ. ಮೂರು ಸ್ಪೀಡು."

ಅವರು ಫ್ಯಾನಿನ ಡಬ್ಬ ನೋಡಿದರು. ಕಾಲಿನ ನೀರು ನೆಲದ ಮೇಲೆ ಹರಿಯುತ್ತಿತ್ತು.

"ಎಲ್ಲಿಗೆ ಹೋದ್ವು?"

"ತರೀಕೆರೆಗೆ."

"ಬಂದ ದಾರೀಲೇ ಹೋದ್ವು ಅನ್ನು." ತಮ್ಮನ ಕಡೆ ತಿರುಗಿದರು. "ನಿನ್ನ ಆಟೋದಲ್ಲೇನೋ?"

ಇವರು ಬಾಗಿಲ ಚೌಕಟ್ಟು ಉಗುರಲ್ಲಿ ಕೆರೆಯುತ್ತಾ, "ಹೂಂ ಅಕ್ಕ" ಅಂದರು.

"ಬಾಡಿಗೆ ಈಸ್ಕಂಡ್ಯೋ, ಅಕ್ಕಂದು ಅಂತ ಬಿಟ್ಬಿಟ್ಯೋ?"

ಅಳುತ್ತಾರೆ ಅಂದುಕೊಂಡಿದ್ದೆ. ಅಳುವುದಕ್ಕೆ ನಾನು ತಯಾರಾಗಿದ್ದೆ. ಅತ್ತವರನ್ನು ಸಮಾಧಾನ ಮಾಡುವುದು ನನಗೆ ಬರುತ್ತದೆ. ಅವರು ಅಳಲಿಲ್ಲ. ಗೋಡೆಗೆ ಒರಗಿ ಕೂತು, ನನ್ನನ್ನೇ ನೋಡುತ್ತಾ, ಅಡುಗೆಗೆ ಏನು ಮಾಡಲಿ ಅಂತ ಕೇಳುವ ದನಿಯಲ್ಲೇ ಹೇಳಿದರು:

"ಅಲ್ಲೂ ಮೊದ್ಲು ಪಾತ್ರೆನೇ ಆಚೆ ಹಾಕಿದ್ದು ಕಣೇ. ಮಾರ್ನೇ ದಿನ ನಾನು ಬಂದೆ. ಅವ್ರು ಬಾಯ್ಬಿಟ್ಟು ಹೋಗು ಅನ್ಲಿಲ್ಲ. ನೀನೂ ಅನ್ಲಿಲ್ಲ. ಆಯ್ತು ಬಿಡು, ಅರ್ಥ ಆಯ್ತು."

ಅಲ್ಲಿಗೆ ನನಗೆ ಹೊಳೆಯಿತು. ಹದಿನಾರು ವರ್ಷ ಹೆಂಗಸರ ಪಾತ್ರೆ ಪಗಡ ನೋಡಿದವಳು, ಇದೊಂದನ್ನು ಉಲ್ಟಾ ಓದಿಕೊಂಡಿದ್ದೆ. ಪಾತ್ರೆ ಇಲ್ಲದವಳು ನಮ್ಮ ಹಿಂದೆ ಬರುತ್ತಾಳೆ ಅಂದುಕೊಂಡೆ. ನಮ್ಮ ಕಡೆ ಹೆಣ್ಣಿನ ಪಾತ್ರೆಯನ್ನು ಮನೆಯಿಂದ ಆಚೆ ಕಳಿಸುವುದಕ್ಕೆ ಇರುವುದು ಒಂದೇ ಅರ್ಥ. ಅದನ್ನು ನಾನೇ, ನನ್ನ ಕೈಯಿಂದಲೇ, ಅವರಿಗೆ ಹೇಳಿ ಕಳಿಸಿದ್ದೆ.

ಆಗಲೂ ಸಮಯ ಇತ್ತು. ತಪ್ಪಾಯ್ತು ಅತ್ಗೆ ಅನ್ನಬಹುದಿತ್ತು. ಆದರೆ ಚೌಕಾಸಿಯಲ್ಲಿ ಸೋಲುವ ಹೊತ್ತಿಗೆ ನನ್ನ ಬಾಯಿ ಇನ್ನೂ ಹರಿತವಾಗುತ್ತದೆ.

"ಹೋಗಿ ಅತ್ಗೆ. ಎಲ್ಲಿಗೆ ಹೋಗ್ತೀರಿ? ನಿಮ್ಮದು ಅಂತ ಏನಿದೆ ಈಗ? ಯಾರು ನಿಮ್ಮನ್ನ ಒಳಗೆ ಬಿಟ್ಕಳ್ತಾರೆ?" ಅಂದೆ.

ಅವರು ಎದ್ದು ಒಲೆ ಹಚ್ಚಿದರು. ಮುದ್ದೆ, ಸಾರು, ಎಲ್ಲ ದಿನದ ಹಾಗೇ. ಬಡಿಸಿದರು. ಉಪ್ಪು ಹುಳಿ ಎಲ್ಲ ಸರಿಯಾಗಿತ್ತು. ಅದು ನನಗೆ ಇವತ್ತಿಗೂ ಭಯ.

ಮುಂದಿನ ಹತ್ತು ದಿನ ಸಾಮಾನು ಕಟ್ಟಿದ್ದು ಅವರೇ. ಗಾಜಿನ ಲೋಟಗಳನ್ನು ಪೇಪರಿನಲ್ಲಿ ಸುತ್ತಿ, ದೇವರ ಫೋಟೋಗಳ ಮಧ್ಯೆ ಟವಲ್ ಇಟ್ಟು, ಡಬ್ಬಗಳ ಮೇಲೆ ಚೀಟಿ ಅಂಟಿಸಿ. ಕಡೂರಿಗೆ ಬಂದು ಬಿಚ್ಚಿದಾಗ ಒಂದು ಲೋಟವೂ ಒಡೆದಿರಲಿಲ್ಲ. ಗೃಹಪ್ರವೇಶದ ತನಕ ಕಡೂರಿನ ಅಂಗಡಿಯಲ್ಲೇ ಮಲಗುವುದು ಅಂತ ಮಾಡಿಕೊಂಡಿದ್ದೆವು; ಹೊರಡುವ ದಿನ ನಾನು ಆಟೋದ ಮುಂದಿನ ಸೀಟಿನಲ್ಲಿ ಜಾಗ ಬಿಟ್ಟು ಕೂತೆ. ಅವರು ಹತ್ತಲಿಲ್ಲ. "ಮನೆ ಗುಡ್ಸಿ ಕೀ ಕೊಟ್ಟು ಬತ್ತೀನಿ, ನಡೀರಿ" ಅಂದರು. ಫ್ಯಾನಿನ ಡಬ್ಬವನ್ನು ನನ್ನ ತೊಡೆಯ ಮೇಲೆ ಇಟ್ಟರು. ಅದನ್ನು ಬಿಚ್ಚಿಯೇ ಇರಲಿಲ್ಲ.

ಅವತ್ತು ಬರಲಿಲ್ಲ. ಮಾರನೇ ದಿನವೂ ಬರಲಿಲ್ಲ. ಮನೆ ಒಡತಿಗೆ ಫೋನು ಮಾಡಿದೆ. ಪಾತ್ರೆ ಇಲ್ಲದವರ ಮೆಸ್ಸನ್ನು ನಂಬಿ ಆಕೆ ತಾನೇ ಎಷ್ಟು ದಿನ ಕಾಯುತ್ತಾಳೆ? ಮುಂದಿನ ರೂಮನ್ನು ಜೆರಾಕ್ಸ್ ಅಂಗಡಿಗೆ ಕೊಟ್ಟಿದ್ದಳು. ಅತ್ತಿಗೆ ಹಿತ್ತಲಿನ ಸೌದೆ ಕೊಟ್ಟಿಗೆಯಲ್ಲಿ ಮಲಗುತ್ತಾರೆ, ಅದಕ್ಕೆ ಬದಲು ಆಕೆಯ ಅಂಗಳ ಗುಡಿಸುತ್ತಾರೆ, ಹಗಲು ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ರೊಟ್ಟಿ ತಟ್ಟುತ್ತಾರೆ ಅಂದಳು. "ನಿಂಗೊತ್ತಿಲ್ವಾ?" ಅಂತ ಮತ್ತೆ ಅದೇ ಪ್ರಶ್ನೆ ಕೇಳಿದಳು.

ಸಾಬರಿಗೂ ಫೋನು ಮಾಡಿದೆ. ಕೊಳಗಗಳು ಮಾರನೇ ದಿನವೇ ಹೋಗಿದ್ದವು, ಮದುವೆ ಅಡುಗೆಯವರೊಬ್ಬರಿಗೆ. ಹಂಡೆ ಕರಗಲು ಹೋಗಿತ್ತು. "ನಾ ಕೇಳಿದ್ನಲ್ಲ ಅಕ್ಕಾ" ಅಂದರು. ಅಷ್ಟೇ ಅಂದು ಇಟ್ಟುಬಿಟ್ಟರು.

ಗೃಹಪ್ರವೇಶದ ದಿನ ಹಾಲು ಉಕ್ಕಿಸಿ ಆದ ಮೇಲೆ, ಸಿಂಗಟಗೆರೆ ನೆಂಟರ ಗುಂಪಿನ ಜೊತೆ ಅತ್ತಿಗೆ ಬಂದರು. ಹೊಸಿಲ ಆಚೆ ನಿಂತರು. ನಾನು "ಬನ್ನಿ" ಅನ್ನುವ ತನಕ ಒಳಗೆ ಕಾಲಿಡಲಿಲ್ಲ. ಮನೆಯನ್ನೆಲ್ಲ ನೆಂಟರ ಜೊತೆ ಸುತ್ತಿ ನೋಡಿದರು, "ಟೈಲ್ಸ್ ಚೆನ್ನಾಗವೆ" ಅಂದರು. ಪ್ಯಾಸೇಜಿನ ಹತ್ತಿರ ಬಂದಾಗ ಅಲ್ಲಿ ಸುತ್ತಿಟ್ಟಿದ್ದ ಹಾಸಿಗೆ ಕಡೆ ಒಂದು ಸಲ ನೋಡಿ ಮುಂದೆ ಹೋದರು.

ಅವರ ಒಲವು ಗಳಿಸುವುದಕ್ಕೆ ನಾನು ಒಂದು ರೇಷ್ಮೆ ಸೀರೆ ತಂದಿಟ್ಟಿದ್ದೆ. ಮನೆ ಮಗಳಿಗೆ ಕೊಡುವ ಮರ್ಯಾದೆ. ಅದಕ್ಕೂ ಮುಂಚೆ ಊಟದ ಪಂಕ್ತಿ ಬಂತು. ಬಡಿಸುವವರು ಸಾಲದೆ ಗಡಿಬಿಡಿ. ನೋಡುತ್ತೇನೆ, ಅತ್ತಿಗೆ ನೆಂಟರ ಸಾಲಿನಲ್ಲಿ ಎಲೆ ಮುಂದೆ ಕೂತಿದ್ದಾರೆ.

"ಅತ್ಗೆ, ಒಳಗ್ ಬನ್ನಿ. ನೀವ್ಯಾಕೆ ಇಲ್ಲಿ ಕೂತ್ರಿ, ಸಾರು ಬಡಿಸೋರಿಲ್ಲ."

"ಊರೆಲ್ಲಾ ಕರ್ದು ಬಂದೋಳು ನಾನೇ ಕಣೇ. ನಂಗೂ ಒಂದು ಎಲೆ ಇರ್ಲಿ."

ಪಕ್ಕದಲ್ಲಿ ಕೂತಿದ್ದ ಸಿಂಗಟಗೆರೆ ಮುದುಕಿ, "ಅಲ್ಲಾ ಕಣವ್ವಾ, ನಿನ್ನ ರೂಮು ಯಾವ್ದು? ತೋರಿಸ್ಲೇ ಇಲ್ವಲ್ಲ" ಅಂತ ಜೋರಾಗಿ ಕೇಳಿದಳು.

"ನಾನೂ ನಿಮ್ ಜೊತೆ ಬಸ್ಸಿಳಿದೋಳು ಅಜ್ಜಿ" ಅಂದರು ಅತ್ತಿಗೆ, ಅಷ್ಟೇ ಜೋರಾಗಿ. "ಸಂಜೆ ಬಸ್ಸಿಗೆ ನಿಮ್ ಜೊತೇನೇ ಹೋಗ್ಬೇಕು."

ಸಾಲಿನಲ್ಲಿದ್ದವರೆಲ್ಲ ಒಟ್ಟಿಗೆ ಪಾಯಸ ಚೆನ್ನಾಗಿದೆ ಅಂದರು. ನನ್ನ ಕೈಯಲ್ಲಿ ಸಾರಿನ ಬಕೆಟ್ಟು ಇತ್ತು. ನಾನೇ ಬಡಿಸುತ್ತಾ ಹೋದೆ. ಅತ್ತಿಗೆಯ ಎಲೆಗೂ ಬಡಿಸಿದೆ. "ಸಾಕು ಸಾಕು" ಅಂತ ಬೇರೆಯವರ ಹಾಗೇ ಕೈ ಅಡ್ಡ ಹಿಡಿದರು.

ಹೊರಡುವಾಗ ಬಂದ ಹೆಂಗಸರಿಗೆಲ್ಲ ಬಾಗಿಲಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಬ್ಲೌಸ್ ಪೀಸು ಕೊಡುತ್ತಿದ್ದೆ. ಅತ್ತಿಗೆಯ ಸರದಿ ಬಂದಾಗ ರೇಷ್ಮೆ ಸೀರೆ ಎತ್ತಿದೆ. ಅವರು ಅದನ್ನು ಮುಟ್ಟಲಿಲ್ಲ. ತಟ್ಟೆಯಿಂದ ಒಂದು ಬ್ಲೌಸ್ ಪೀಸು ತಾವೇ ತೆಗೆದುಕೊಂಡು ಮಡಿಲಿಗೆ ಹಾಕಿಕೊಂಡರು.

"ಸೀರೆ ಮನೆಯೋರಿಗೆ ಕೊಡೇ. ನನಗಿದು ಸಾಕು."

ನಮ್ಮ ಯಜಮಾನರು ಆಗ ಮಾತ್ರ ಮುಂದೆ ಬಂದರು. "ಅಕ್ಕಾ, ಬಸ್‌ಸ್ಟ್ಯಾಂಡ್ ತನಕ ಆಟೋದಲ್ಲಿ ಬಿಡ್ತೀನಿ, ಬಾ."

"ಬ್ಯಾಡ ಕಣೋ. ನಿನ್ನ ಆಟೋ ಹತ್ತಿದ್ದು ಯಾವ್ದೂ ವಾಪಸ್ ಬರಲ್ಲ."

ಮುದುಕಿಯ ಕೈ ಹಿಡಿದುಕೊಂಡು ಬೀದಿಗಿಳಿದರು. ಇವರು ಬಾಗಿಲಲ್ಲೇ ಕೂತು ಮುಖ ಮುಚ್ಚಿಕೊಂಡರು. "ಎದ್ದೇಳಿ, ಚಪ್ಪಲಿ ಜಾಗದಲ್ಲಿ ಕೂತ್ರೆ ಜನ ಏನಂತಾರೆ" ಅಂತ ನಾನು ಗದರಿದೆ. ಹಿಂದೆ ಹೋಗಿ ನೋಡಿದರೆ ಮುಸುರೆ ಪಾತ್ರೆ ನಲ್ಲಿಯ ತನಕ ರಾಶಿ ಬಿದ್ದಿತ್ತು. ಸೆರಗು ಸಿಕ್ಕಿಸಿಕೊಂಡು ಕೂತೆ.

ಕಡೂರಿನಲ್ಲಿ ಇದುವರೆಗೆ ನಾಲ್ಕು ಜನ ಕೆಲಸದವರು ಬಂದು ಹೋಗಿದ್ದಾರೆ. ನಮ್ಮ ಯಜಮಾನರು ಮಧ್ಯಾಹ್ನ ಹೊರಗೇ ತಿನ್ನುತ್ತಾರೆ, ಎಲ್ಲಿ ಅಂತ ನಾನು ಕೇಳುವುದಿಲ್ಲ. ಬಾಡಿಗೆ ಇಲ್ಲದ ದಿನವೂ ಆಟೋ ಅಜ್ಜಂಪುರದ ಕಡೆ ಹೋಗುತ್ತದೆ.

ಹೋದ ತಿಂಗಳು ನಾನೂ ಅಜ್ಜಂಪುರಕ್ಕೆ ಹೋಗಿದ್ದೆ, ಒಂದು ಮದುವೆ ಮನೆಗೆ ಪಾತ್ರೆ ಒಪ್ಪಿಸಲು. ಆ ಹೋಟೆಲಿನ ಹಿಂದಿನ ಕಿಟಕಿ ರಸ್ತೆಗೇ ತೆರೆದಿದೆ. ಹೊಗೆಯೊಳಗೆ ಅತ್ತಿಗೆ ರೊಟ್ಟಿ ತಟ್ಟುತ್ತಿದ್ದರು. ಇಪ್ಪತ್ತು ಜನಕ್ಕೆ ತಮ್ಮದೇ ಕೊಳಗದಲ್ಲಿ ಸಾರು ಇಳಿಸಿ, ಬಾಗಿಲಲ್ಲಿ ನಿಂತು ಬಂದವರನ್ನು ಕರೆಯಬೇಕಾಗಿದ್ದ ಹೆಂಗಸು. ಗಲ್ಲಾಪೆಟ್ಟಿಗೆ ಮುಂದೆ ಕೂತಿದ್ದವನು, ನನ್ನ ಮಗಳಿಗಿಂತ ಚಿಕ್ಕವನಿರಬೇಕು, "ಏನಮ್ಮಾ ಇನ್ನೂ ಆಗ್ಲಿಲ್ವಾ, ಬೇಗ ಬೇಗ" ಅಂತ ಕೂಗಿದ. ಅತ್ತಿಗೆ ತಲೆ ಬಗ್ಗಿಸಿ ಕೈ ಚುರುಕು ಮಾಡಿದರು. ಅವನು ತಿಂಗಳಾದರೆ ಸಂಬಳ ಕೊಡುತ್ತಾನಂತೆ. ನಾನು ಅದನ್ನೂ ಕೊಟ್ಟಿರಲಿಲ್ಲ.

ಕಿಟಕಿಯ ಹತ್ತಿರ ಹೋಗಿ "ಅತ್ಗೆ" ಅಂದೆ. ಅವರು ಕಣ್ಣೆತ್ತಿ ನೋಡಿದರು, ರೊಟ್ಟಿಯ ಕೈ ನಿಲ್ಲಿಸಲಿಲ್ಲ.

"ಊಟದ ಟೋಕನ್ ಮುಂದ್ಗಡೆ ಕೊಡ್ತಾರೆ ಕಣಮ್ಮ" ಅಂದರು.